ಸಮುದ್ರದ ಸೋಪು

ಕರಿದ ಬಾಣಲೆ ತೊಳೆಯುವುದಕ್ಕೆ ನನ್ನದೊಂದು ಕ್ರಮವಿದೆ, ಆ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಶನಿವಾರ ಸಂಜೆ ನಮ್ಮ ಮನೆಯಲ್ಲಿ ಈರುಳ್ಳಿ ಪಕೋಡವೋ ಹೀರೇಕಾಯಿ ಬಜ್ಜಿಯೋ ಆಗಲೇಬೇಕು. ಅದು ನಮ್ಮವರ ಹಕ್ಕು. ಕರಿದು, ತಿಂದು, ಕಾಫಿ ಕುಡಿದು, ಎಣ್ಣೆ ತಣ್ಣಗಾದ ಮೇಲೆ ಸೋಸಿ ಡಬ್ಬಿಗೆ ತುಂಬಿಸಿದರೂ ಬಾಣಲೆಯ ತಳದಲ್ಲಿ ಜಿಡ್ಡಿನದೊಂದು ಪದರ ಹಠ ಹಿಡಿದು ಕೂತಿರುತ್ತದೆ. ಅದಕ್ಕೆ ನೀರು ಹೊಯ್ದರೆ ಎಣ್ಣೆ ಮೇಲೆದ್ದು ಹೊನ್ನಬಣ್ಣದ ಬಿಲ್ಲೆಗಳಾಗಿ ತೇಲುತ್ತದೆ. ಆಗ ಪಾತ್ರೆ ತೊಳೆಯುವ ಹಸಿರು ದ್ರಾವಣದ ಒಂದೇ ಒಂದು ತೊಟ್ಟನ್ನು ನಡುಮಧ್ಯಕ್ಕೆ ಬಿಟ್ಟು ನೋಡಿ. ಗದ್ದಲ ಮಾಡುತ್ತಿದ್ದ ಮಕ್ಕಳು ಮೇಷ್ಟರ ಚಪ್ಪಲಿಯ ಸದ್ದು ಕೇಳಿದೊಡನೆ ತಂತಮ್ಮ ಜಾಗಕ್ಕೆ ಓಡುವಂತೆ, ಬಿಲ್ಲೆಗಳೆಲ್ಲ ಬಾಣಲೆಯ ಅಂಚಿಗೆ ಓಡುತ್ತವೆ. ಇನ್ನೊಂದು ತೊಟ್ಟು ಹಾಕಿ ಕೈಯಾಡಿಸಿದರೆ ಅಂಚಿನಲ್ಲೂ ಇರುವುದಿಲ್ಲ. ಎಲ್ಲಿ ಹೋಯಿತು ಎಂದು ಕೇಳುವ ಪ್ರಮೇಯವೇ ಇರುವುದಿಲ್ಲ, ಹೋಯಿತಲ್ಲ ಎಂಬ ಸಮಾಧಾನವೇ ಸಾಕಾಗುತ್ತದೆ. ಬಹಳ ವರ್ಷ ನನಗೂ ಅಷ್ಟೇ ಸಾಕಾಗಿತ್ತು.

ಸಾಕಾಗಬಾರದಿತ್ತು, ಏಕೆಂದರೆ ನನ್ನ ತರಬೇತಿಯೇ ಬೇರೆ. ನಾನು ನರ್ಸಿಂಗ್ ಕಲಿತದ್ದು ಮಿಷನ್ ಆಸ್ಪತ್ರೆಯೊಂದರಲ್ಲಿ. ಅಲ್ಲಿನ ಮೇಟ್ರನ್ ಬೆಳಗಿನ ಗಂಟೆ ಹೊಡೆಯುವ ಮೊದಲೇ ವಾರ್ಡಿಗೆ ಬಂದು, ನಾವು ಹಾಸಿದ ಹಾಸಿಗೆಗಳ ಮುಂದೆ ಒಂದೊಂದಾಗಿ ನಿಲ್ಲುತ್ತಿದ್ದರು. ದುಪ್ಪಟಿ ಎಷ್ಟು ಬೆಳ್ಳಗಿದೆ, ಮೂಲೆ ಎಷ್ಟು ಚೂಪಾಗಿ ಮಡಿಚಿದೆ ಎಂದು ನೋಡುತ್ತಾರೆಂದು ನಾವು ಹೊಸಬರೆಲ್ಲ ಭಾವಿಸಿದ್ದೆವು. ಅವರು ಆ ಬೆಳ್ಳನೆಯ ದುಪ್ಪಟಿಯನ್ನು ಒಂದೇ ಎಳೆತಕ್ಕೆ ಸರಿಸಿ, ರೋಗಿಯನ್ನು ಮೆಲ್ಲನೆ ಮಗ್ಗುಲಿಗೆ ಹೊರಳಿಸಿ, ಬೆನ್ನು ನೋಡುತ್ತಿದ್ದರು. ಬೆನ್ನು ಕೆಂಪಾಗಿದ್ದರೆ ಹಾಸಿಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆ ದಿನ ನಮಗೆ ಮಂಗಳಾರತಿ. ಮಲಗಿದ ಮಂಚದಲ್ಲೇ ಹುಣ್ಣಾಗುವ ರೋಗಿಗಳಿಗೆ ಬಿಳಿ ದುಪ್ಪಟಿಯಷ್ಟು ಅಪಾಯದ ವಸ್ತು ಇನ್ನೊಂದಿಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. ಆಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಹೋಟೆಲಿನಲ್ಲಿ ಮೇಜಿನ ಬಟ್ಟೆಯ ಅಂಚನ್ನು ಎತ್ತಿ ನೋಡುತ್ತೇನೆಂದು ನಮ್ಮವರು ಇಂದಿಗೂ ನನ್ನ ಪಕ್ಕ ಕೂರಲು ಹಿಂಜರಿಯುತ್ತಾರೆ.

ನಿವೃತ್ತಿಯಾಗಿ ಮನೆಯಲ್ಲಿ ಕೂತ ಕೆಲವೇ ವಾರಗಳಲ್ಲಿ, ದಾಸರಹಳ್ಳಿಯ ನಮ್ಮ ಮನೆಯ ಪ್ರತಿಯೊಂದು ಡಬ್ಬಿಯ ಮುಚ್ಚಳವೂ ಎರಡೆರಡು ಸಲ ಹೊಳೆಯಿತು. ಇನ್ನು ಹೊಳೆಯಿಸಲು ಏನೂ ಉಳಿಯದಿದ್ದಾಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ತುಮಕೂರು ರಸ್ತೆಯ ಮೇಲೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು, ಬಸ್ಸಿನಿಂದ ಇಳಿದು ಕಾರ್ಖಾನೆ ಸೇರುವಷ್ಟರಲ್ಲಿ ನನ್ನ ಬಿಳಿ ಸೀರೆ ಹೆಸರಿಗಷ್ಟೇ ಬಿಳಿಯಾಗಿರುತ್ತಿತ್ತು. ನೆಲ ಒರೆಸುವ ದ್ರಾವಣ, ಯಂತ್ರಗಳ ಗ್ರೀಸ್ ತೆಗೆಯುವ ದ್ರಾವಣ, ಇಂಥವನ್ನು ದೊಡ್ಡ ತೊಟ್ಟಿಗಳಲ್ಲಿ ಕಲಸಿ ಕ್ಯಾನು, ಡ್ರಮ್ಮುಗಳಿಗೆ ತುಂಬಿಸುವುದು ಅಲ್ಲಿನ ಕೆಲಸ. ಮಾಲೀಕರು ಒಳ್ಳೆಯವರು, ಕೆಲಸಗಾರರ ಹೆಸರು ಹಿಡಿದು ಮಾತಾಡಿಸುವವರು. ಸೂಪರ್‌ವೈಸರ್ ಮುನಿರಾಜು ಪೀಣ್ಯ ಊರಿನವನೇ. ಈಗ ಕಾರ್ಖಾನೆಯ ಗೋದಾಮು ಇರುವ ಜಾಗದಲ್ಲಿ ತನ್ನ ತಾತ ರಾಗಿ ಬಿತ್ತುತ್ತಿದ್ದನೆಂದು ಹೊಸಬರಿಗೆಲ್ಲ ಒಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ.

ಆ ವರ್ಷ ಟಿ.ವಿ.ಯಲ್ಲಿ ದೂರದೇಶದ ಸಮುದ್ರದ ತಳದಿಂದ ಎಣ್ಣೆ ಉಕ್ಕುವ ಚಿತ್ರಗಳು ಬರುತ್ತಿದ್ದವು. ರೆಕ್ಕೆಗೆ ಡಾಂಬರು ಮೆತ್ತಿದಂತಾಗಿ ದಡದಲ್ಲಿ ನಿಂತ ಹಕ್ಕಿಯೊಂದು ಹಾರುವುದನ್ನೇ ಮರೆತಂತೆ ನೋಡುತ್ತಿದ್ದುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನಮ್ಮ ಮಾಲೀಕರಿಗೆ ಆಗ ಹೊಸದೊಂದು ಆರ್ಡರ್ ಬಂತು: ಕರಾವಳಿಯ ಬಂದರೊಂದಕ್ಕೆ, ಸಮುದ್ರದಲ್ಲಿ ಎಣ್ಣೆ ಚೆಲ್ಲಿದರೆ ಅದನ್ನು ಚದುರಿಸುವ ದ್ರಾವಣ. ಅದನ್ನು ಕೊಳ್ಳುವವರಿಗೆ ತೋರಿಸಲು ಅವರು ಒಂದು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ, ಮೇಲೆ ಕಪ್ಪು ಎಣ್ಣೆ ಹೊಯ್ದು, ದ್ರಾವಣ ಸಿಂಪಡಿಸಿ ನೀರನ್ನು ಕದಡಿದರು. ಕಪ್ಪು ಹಾಸು ಹರಿದು, ನುರಿದು, ಕಣ್ಣೆದುರೇ ಮಾಯವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮುನಿರಾಜು ಅಲ್ಲಿಯೇ ಅದಕ್ಕೆ ನಾಮಕರಣ ಮಾಡಿದ: "ಸಮುದ್ರದ ಸೋಪು." ಆ ಉದ್ದನೆಯ ಇಂಗ್ಲಿಷ್ ಹೆಸರು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಸೋಪೆಂದರೆ ಪೂರ್ತಿ ತಪ್ಪೂ ಅಲ್ಲ. ಅದರಲ್ಲಿರುವುದು ಬಹುಮಟ್ಟಿಗೆ ನಮ್ಮ ಅಡುಗೆಮನೆಯ ತೊಟ್ಟಿನ ಬಳಗವೇ: ಒಂದು ಕೈಯಲ್ಲಿ ನೀರನ್ನು, ಇನ್ನೊಂದು ಕೈಯಲ್ಲಿ ಎಣ್ಣೆಯನ್ನು ಹಿಡಿದು, ಎಂದೂ ಸೇರದ ಇಬ್ಬರನ್ನು ಸೇರಿಸುವ ಮಧ್ಯಸ್ಥ. ಅದರ ಜೊತೆಗೆ, ಆ ಮಧ್ಯಸ್ಥನನ್ನು ದಪ್ಪ ಎಣ್ಣೆಯ ಒಳಕ್ಕೆ ಕರೆದೊಯ್ಯಲು ಒಂದು ತೆಳು ದ್ರಾವಕ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನೊಳಕ್ಕೆ ಇಳಿಯುತ್ತದೆ. ಹಾಗೆ ಇಳಿದರೆ ಹಕ್ಕಿಯ ರೆಕ್ಕೆಗೆ ಮೆತ್ತುವುದಿಲ್ಲ, ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರನ್ನು ಉಸಿರುಗಟ್ಟಿಸುವುದಿಲ್ಲ, ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಗೆ ಅದನ್ನು ತಿಂದು ಕರಗಿಸುವುದೂ ಸುಲಭವಾಗುತ್ತದೆ. ಇದನ್ನು ಕಂಡುಹಿಡಿದವರು ಮೂರ್ಖರೂ ಅಲ್ಲ, ದುಷ್ಟರೂ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳಲಿರುವುದನ್ನು ಕೇಳಿ ನೀವು ಹಾಗೆ ಎಣಿಸಬಾರದು.

ಇನ್ನು ರೇಣುಕಾ. ಕೊಪ್ಪಳದ ಕಡೆಯ ಹೆಣ್ಣುಮಗಳು, ನಮ್ಮಲ್ಲಿ ಕ್ಯಾನು ತುಂಬುವ ಕೆಲಸ. ಗಂಡ ಮೇಲ್ಸೇತುವೆಯ ಕಾಮಗಾರಿಯಲ್ಲಿ ಕಬ್ಬಿಣ ಕಟ್ಟುತ್ತಿದ್ದ. ಮಾದನಾಯಕನಹಳ್ಳಿಯ ಒಂದು ವಠಾರದಲ್ಲಿ ಬಾಡಿಗೆ ಕೋಣೆ. ಕಾರ್ಖಾನೆಯಿಂದ ಹೋದ ಮೇಲೆ ಅವಳದು ಎರಡನೆಯ ಪಾಳಿ: ಸುತ್ತಲಿನ ಕೋಣೆಗಳಲ್ಲಿ ಒಂಟಿಯಾಗಿದ್ದ ತನ್ನ ಕಡೆಯ ಹುಡುಗರಿಗೆ, ಲೇತ್ ಕೆಲಸದವರಿಗೆ, ಜೋಳದ ರೊಟ್ಟಿ ಮತ್ತು ಪಲ್ಯ. ಮುಂದಿನ ವರ್ಷದ ಹೊತ್ತಿಗೆ ಕ್ಯಾನು ತುಂಬುವುದನ್ನು ಬಿಟ್ಟು, ರಸ್ತೆ ಬದಿಯಲ್ಲೊಂದು ಸಣ್ಣ ಖಾನಾವಳಿ ತೆರೆಯಬೇಕೆಂಬುದು ಅವಳ ಆಸೆ. ಆ ಆಸೆಯ ಪೂರ್ತಿ ಬಂಡವಾಳ ಅವಳ ಎರಡು ಅಂಗೈ. ಜೋಳದ ಹಿಟ್ಟಿಗೆ ಗೋದಿಯ ಅಂಟಿಲ್ಲ. ಕುದಿಯುವ ನೀರು ಹೊಯ್ದು, ಆ ಬಿಸಿಯಲ್ಲೇ ನಾದಿ, ಅಂಗೈಯಿಂದ ಬಡಿದು ಬಡಿದೇ ಅದನ್ನು ಒಪ್ಪಿಸಬೇಕು. ಲಟ್ಟಣಿಗೆ ಹಿಡಿದವರ ರೊಟ್ಟಿ ಬೇರೆ, ಬಡಿದವರ ರೊಟ್ಟಿ ಬೇರೆ ಎಂದು ಆ ಕಡೆಯವರು ಕಣ್ಣುಮುಚ್ಚಿ ಹೇಳುತ್ತಾರೆ.

ಅಂಥ ಅಂಗೈಗಳನ್ನು ಅವಳು ಒಂದು ದಿನ ನನ್ನ ಮೇಜಿನ ಮೇಲೆ ಇಟ್ಟಳು. ಬೇಸಗೆಯ ಕೆರೆಯಂತೆ ಬಿರಿದಿದ್ದವು. ಬೆರಳ ಸಂದುಗಳಲ್ಲಿ ಕೆಂಪು, ಅಲ್ಲಲ್ಲಿ ನೀರೊಸರುವ ಗೀರು.

"ಉರೀತಾವ್ರಿ ಅಮ್ಮಾರ. ಬಿಸಿ ಹಿಟ್ಟಿನ್ಯಾಗ ಕೈ ಇಟ್ಟರ ಖಾರ ಹಚ್ಚಿದಂಗ ಆಗತೈತಿ."

"ಕೆಲಸದಲ್ಲಿ ಗ್ಲೌಸ್ ಹಾಕ್ಕೋತೀಯಾ?"

"ಹಾಕ್ಕೊಂತೀನ್ರಿ. ಮತ್ತ ರೊಟ್ಟಿ ಬಡಿಯೂಮುಂದನೂ ಹಾಕ್ಕೊ ಅಂತೀರೇನ್?" ಎಂದು ನಕ್ಕಳು. ನಗುವಾಗಲೂ ಕೈಗಳನ್ನು ಮಡಿಚಲಾಗದೆ ಬಿಚ್ಚಿಯೇ ಹಿಡಿದಿದ್ದಳು.

ಮುಲಾಮು ಕೊಟ್ಟೆ, ಹೊಸ ಗ್ಲೌಸ್ ಕೊಡಿಸಿದೆ, ಅದರೊಳಗೆ ತೊಡಲು ಹತ್ತಿಯದನ್ನೂ ಕೊಟ್ಟೆ. ಕೆಲಸದ ನಡುವೆ ಹೋಗಿ ನೋಡಿ ಬಂದೆ, ಅವಳು ನಿಜವಾಗಿಯೂ ಹಾಕಿಕೊಂಡಿರುತ್ತಿದ್ದಳು. ಆದರೂ ಗುಣವಿಲ್ಲ. ನನಗೆ ವಿಚಿತ್ರವೆನಿಸಿದ್ದು ಇದು: ಕಾರ್ಖಾನೆಯ ಕಾರಣದಿಂದ ಆದ ಗಾಯವಾದರೆ ರಜೆಯಲ್ಲಿ ಸ್ವಲ್ಪವಾದರೂ ಮಾಯಬೇಕು. ಇವಳ ಕೈ ರಜೆ ಮುಗಿಸಿ ಬಂದ ದಿನವೇ ಹೆಚ್ಚು ಕೆಟ್ಟಿರುತ್ತಿತ್ತು. ದುಪ್ಪಟಿ ಸರಿಸದೆ ವಿಧಿಯಿಲ್ಲವೆಂದು ನನಗೆ ಅನಿಸಿತು. "ಭಾನುವಾರ ನಿಮ್ಮನೇಲಿ ನನಗೂ ಒಂದು ರೊಟ್ಟಿ ಇರಲಿ" ಎಂದೆ. ಅವಳು ಎಷ್ಟು ಸಂಭ್ರಮಪಟ್ಟಳೆಂದರೆ, ನಾನು ಹೋಗುವುದು ಊಟಕ್ಕಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ವಠಾರವೆಂದರೆ ಸಾಲಾಗಿ ಕೋಣೆಗಳು, ಮುಂದೆ ಸಿಮೆಂಟಿನ ಅಂಗಳ, ಅಂಗಳದ ಮೂಲೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಭಾನುವಾರವೂ ಅರ್ಧ ಪಾಳಿ ಮುಗಿಸಿ ಬಂದ ಲೇತ್ ಹುಡುಗರು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು. ಪೀಣ್ಯದ ಲೇತ್ ಕೆಲಸದವರ ಕೈಯನ್ನು ನೀವು ನೋಡಿದ್ದರೆ ನಿಮಗೆ ಗೊತ್ತು, ಗ್ರೀಸು ಮತ್ತು ಕಬ್ಬಿಣದ ಪುಡಿ ಸೇರಿ ಅಂಗೈಯ ಗೆರೆಗಳಲ್ಲೆಲ್ಲ ಮಸಿಯ ನಕ್ಷೆ ಬಿದ್ದಿರುತ್ತದೆ. ಮರದ ಹೊಟ್ಟು, ಸೋಪಿನ ಪುಡಿ ಹಾಕಿ ಉಜ್ಜಿದರೂ ಪೂರ್ತಿ ಹೋಗದು. ಅಂದು ಅವರ ಕೈ ಚಿಟಿಕೆ ಹೊಡೆಯುವುದರಲ್ಲಿ ಶುಭ್ರವಾಗುತ್ತಿತ್ತು. ಕಲ್ಲಿನ ಮೇಲೆ ತಂಪು ಪಾನೀಯದ ಒಂದು ಹಳೆಯ ಬಾಟಲಿ ಇತ್ತು, ಒಳಗೆ ಜೇನುಬಣ್ಣದ ದ್ರವ. ನನಗೆ ಆ ಬಣ್ಣದ ಪರಿಚಯವಿತ್ತು.

"ಇದೇನಪ್ಪಾ?" ಎಂದು ಅವರಲ್ಲಿ ಹಿರಿಯವನಂತೆ ಕಂಡ ಬಸವರಾಜನನ್ನು ಕೇಳಿದೆ.

"ಸಮುದ್ರದ ಸೋಪ್ರಿ. ನಮ್ಮ ರೇಣಕ್ಕನ ಕಂಪನೀದು. ಗ್ರೀಸ್ ಅನ್ನೂದು ಹೇಳದ ಕೇಳದ ಓಡತೈತ್ರಿ."

ಆ ಬಾಟಲಿಯ ಪಕ್ಕದಲ್ಲೇ ರೇಣುಕಾ ಕುಕ್ಕರುಗಾಲಲ್ಲಿ ಕೂತು, ಬರಿಗೈಯಲ್ಲಿ, ಅದೇ ದ್ರವ ಹಚ್ಚಿದ ನಾರಿನಿಂದ ತನ್ನ ರೊಟ್ಟಿ ಹಂಚನ್ನು ಉಜ್ಜುತ್ತಿದ್ದಳು. ಬುಟ್ಟಿಯಲ್ಲಿ ಎಲ್ಲರ ತಟ್ಟೆಗಳೂ ಇದ್ದವು. ನನ್ನ ಮುಖ ಹೇಗಾಯಿತೋ ಏನೋ, ಅವಳು ಉಜ್ಜುವುದನ್ನು ನಿಲ್ಲಿಸಿದಳು.

"ಯಾಕ್ರಿ ಅಮ್ಮಾರ? ಸಮುದ್ರಾನ ತೊಳೀತೈತಂತ. ನನ್ನ ಹಂಚು ಅದಕ್ಕಿಂತ ದೊಡ್ಡದೇನ್ರಿ?"

ಇದು ಹೇಗೆ ಇಲ್ಲಿಗೆ ಬಂತೆಂದು ಹೇಳಬೇಕು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲೆಲ್ಲ ಒಂದು ರೂಢಿಯಿದೆ. ದಿನದ ಕೆಲಸ ಮುಗಿದಾಗ ಉಳಿದದ್ದು, ಅಂದರೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಬಟ್ಟೆಯ ಚೂರು, ಇಂಥದ್ದು, ಕೆಲಸ ಮಾಡಿದವರಿಗೆ ಸೇರಿದ್ದು. ನಮ್ಮಲ್ಲಿ ತುಂಬುವ ಕೊಳವೆಯೊಳಗೆ ಕೊನೆಗೆ ನಿಲ್ಲುವ ದ್ರಾವಣವನ್ನು ಮಗ್ಗಿಗೆ ಬಸಿದು, ಅದನ್ನು "ಕಡೇದು" ಎನ್ನುತ್ತಿದ್ದರು. ನೆಲ ಒರೆಸುವ ದ್ರಾವಣದ ಕಡೇದನ್ನು ಹೆಂಗಸರು ಬಾಟಲಿಗೆ ತುಂಬಿಕೊಂಡು ಹೋಗುವುದು ಮೊದಲಿನಿಂದ ನಡೆದುಬಂದದ್ದು, ಅದನ್ನು ಯಾರೂ ಕಳವೆಂದು ಬಗೆದಿರಲಿಲ್ಲ, ಮಾಲೀಕರೂ ಕಂಡೂ ಕಾಣದಂತೆ ಇರುತ್ತಿದ್ದರು. ಸಮುದ್ರದ ಸೋಪು ಬಂದಾಗ ಅದರ ಕಡೇದೂ ಅದೇ ದಾರಿ ಹಿಡಿಯಿತು. ಎಲ್ಲರದೂ ಔದಾರ್ಯವೇ, ಮಾಲೀಕರದು ರೇಣುಕಾಳ ಮೇಲೆ, ರೇಣುಕಾಳದು ವಠಾರದ ಮೇಲೆ.

ನಾನು ಬೈಯಲಿಲ್ಲ. ಒಂದು ಗಾಜಿನ ಲೋಟ ಕೇಳಿದೆ. ನೀರು ತುಂಬಿಸಿ, ಮೇಲೆ ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟೆ. ಅದರ ಮೇಲೆ ಬಾಟಲಿಯ ನಾಲ್ಕು ಹನಿ ಹಾಕಿ ಚಮಚದ ಹಿಡಿಯಿಂದ ಕಲಕಿದೆ. ಎಣ್ಣೆ ಮಾಯವಾಯಿತು, ನೀರು ತಿಳಿಮಜ್ಜಿಗೆಯಂತಾಯಿತು. ಹುಡುಗರು ಸುತ್ತ ನಿಂತು ನೋಡಿದರು.

"ಎಣ್ಣೆ ಎಲ್ಲಿ ಹೋಯ್ತು ಬಸವರಾಜ?"

"ಹೋತ್ರಿ."

"ಹಾಗಾದ್ರೆ ಈ ನೀರು ಕುಡಿ."

ಎಲ್ಲರೂ ಗೊಳ್ಳೆಂದು ನಕ್ಕರು. "ಕುಡಿಯಲೇ ಬಸ್ಯಾ, ಒಳಗಿನ ಗ್ರೀಸೂ ಹೋಗತೈತಿ" ಎಂದು ಯಾರೋ ಹಿಂದಿನಿಂದ ಅಂದರು. ಬಸವರಾಜ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ನಗು ನಿಲ್ಲಿಸಿ, "ಇದರಾಗ ಐತ್ರಿ" ಎಂದ. ರೇಣುಕಾ ತನ್ನ ಅಂಗೈ ನೋಡಿಕೊಂಡಳು. ನಾನು ಹೇಳಿದೆ: ನಮ್ಮ ಚರ್ಮಕ್ಕೂ ಅದರದೇ ಒಂದು ಎಣ್ಣೆಯಿದೆ, ನೀರು ಒಳಗೆ ಹೋಗದಂತೆ, ಒಳಗಿನದು ಹೊರಗೆ ಬರದಂತೆ ಕಾಯುವ ಎಣ್ಣೆ. ಈ ದ್ರಾವಣಕ್ಕೆ ಯಂತ್ರದ ಗ್ರೀಸು ಯಾವುದು, ರೇಣುಕಾಳ ಕೈಯ ಜಿಡ್ಡು ಯಾವುದು ಎಂಬ ಭೇದ ತಿಳಿಯದು. ಕಾವಲು ಹೋದ ಮೇಲೆ ಬಾಗಿಲು ತೆರೆದಂತೆ, ದ್ರಾವಕ ಚರ್ಮದ ಮೂಲಕವೇ ಒಳಕ್ಕೆ ಇಳಿಯುತ್ತದೆ.

"ಹಂಗಾರ ರೊಟ್ಟಿಗಿ ಸೀಮೆಎಣ್ಣಿ ವಾಸನಿ ಬರ್ತೈತಿ ಅಂತ ಇವ್ರು ಒಲಿ ಬೈತಿದ್ರಲ್ರಿ," ಎಂದು ಅವಳು ನಿಧಾನವಾಗಿ ಅಂದಳು, "ಅದು ಒಲಿದಲ್ಲ."

ಅವಳು ಎದ್ದು, ನಲ್ಲಿಯ ಕೆಳಗೆ ಹಂಚನ್ನು ಇಟ್ಟು, ಬೂದಿ ತಂದು ಮತ್ತೆ ಮೊದಲಿನಿಂದ ಉಜ್ಜಲು ಕೂತಳು. ಆ ಬೂದಿಯೂ ಗಾಯಕ್ಕೆ ಉರಿಯುತ್ತದೆಂದು ನಾನು ಅವಳ ಕೈಯಿಂದ ನಾರನ್ನು ಕಸಿದುಕೊಳ್ಳಬೇಕಾಯಿತು. ಆ ದಿನದ ತಟ್ಟೆಗಳನ್ನೆಲ್ಲ ಹುಡುಗರು ತೊಳೆದರು. ನಾನು ನಿಂತು ತೊಳೆಸಿದೆ; ಕೆಲವನ್ನು ಮೇಟ್ರನ್ನಿನ ಗತ್ತಿನಲ್ಲಿ ವಾಪಸ್ಸು ಕಳಿಸಿದೆ.

ಸೋಮವಾರ ನಮ್ಮ ಕಾರ್ಖಾನೆಯ ಕೆಮಿಸ್ಟ್ ಹುಡುಗಿಯನ್ನು ಇದರಲ್ಲಿ ಏನೇನಿದೆ ಎಂದು ಕೇಳಿದೆ. ಇಂಥ ದ್ರಾವಣಗಳ ಪಾಕ ಗುಟ್ಟಿನದು, ಒಂದೊಂದು ಕಂಪನಿಯದು ಒಂದೊಂದು ಬಗೆ. ಅವಳು ಹೇಳಲು ಸ್ವಲ್ಪ ತಡವರಿಸಿದಳು. ಕೊನೆಗೆ ದ್ರಾವಕ ಯಾವ ಜಾತಿಯದೆಂದು ಹೇಳಿದಳು. ಆ ಜಾತಿಯ ಕೆಲವು ದ್ರಾವಕಗಳು ಮೈಗೆ ಹೆಚ್ಚು ಸೇರಿದರೆ ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲವೆಂದು, ಮೂತ್ರಪಿಂಡಕ್ಕೂ ಭಾರವಾಗುತ್ತವೆಂದು ನನಗೆ ಗೊತ್ತಿತ್ತು. ಅದರ ತುಂತುರನ್ನು ಉಸಿರಾಡಿದರೆ ಗಂಟಲು, ಕಣ್ಣು ಉರಿಯುವುದಂತೂ ಇದ್ದದ್ದೇ. ರೇಣುಕಾಳನ್ನು ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ರಕ್ತ, ಮೂತ್ರ ಪರೀಕ್ಷೆ ಮಾಡಿಸಿದೆ. ಹೆದರುವಂಥದ್ದೇನೂ ಇರಲಿಲ್ಲ. ರಕ್ತ ಸ್ವಲ್ಪ ಕಡಿಮೆಯಿತ್ತು. ಅದು ಈ ದ್ರಾವಣದಿಂದಲೋ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ಹೆಂಗಸರಿಗೆಲ್ಲ ಇರುವ ಕಡಿಮೆಯೋ ಎಂದು ವೈದ್ಯರು ಹೇಳಲಾರದೆ ಹೋದರು. ನಾನೂ ಹೇಳಲಾರೆ. ಕಬ್ಬಿಣದ ಮಾತ್ರೆ ಕೊಟ್ಟರು.

ಆಮೇಲೆ ಮಾಲೀಕರ ಕೋಣೆ. ಮುನಿರಾಜು ಅಲ್ಲೇ ಇದ್ದ.

"ಬಿಡಿ ಸಿಸ್ಟರ್," ಎಂದ, "ಅಷ್ಟು ಮೀನಿರೋ ಸಮುದ್ರಕ್ಕೇ ಸುರೀತಾರಂತೆ. ಇವ್ರ ಕೈಗೇನಾಗ್ಬಿಡುತ್ತೆ?"

"ಮೀನುಗಳು ಬಂದು ನಿಮ್ಹತ್ರ ಹೇಳಿದ್ವಾ ಮುನಿರಾಜು, ನಮಗೇನೂ ಆಗಿಲ್ಲ ಅಂತ?"

ಅವನು ಬಾಗಿಲ ಕಡೆ ನೋಡಿದ. ಮಾಲೀಕರು ತಲೆ ಕೆರೆದುಕೊಂಡರು. "ನೀವು ಹೇಳೋದು ಸರಿ ಸಿಸ್ಟರ್. ಆದ್ರೆ ಕಡೇದನ್ನ ತಗೊಂಡೋಗ್ಬೇಡಿ ಅಂದ್ರೆ ನಾನು ಜಿಪುಣ ಅಂತಾರೆ. ಇಷ್ಟು ವರ್ಷ ಇಲ್ದೇ ಇದ್ದಿದ್ದು ಈಗ ಯಾಕೆ ಅಂತಾರೆ."

"ಬಂದರಿನವರಿಗೆ ಮೊನ್ನೆ ಫೋನಲ್ಲಿ ಏನು ಹೇಳಿದ್ರಿ, ಅದನ್ನೇ ಇವ್ರಿಗೂ ಹೇಳಿ" ಎಂದೆ. ಅವರು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೆ: ಸಿಂಪಡಿಸುವವರು ಕನ್ನಡಕ ಹಾಕಲಿ, ಮೂಗಿಗೆ ಮಾಸ್ಕ್ ಕಟ್ಟಲಿ, ಕೈಗೆ ಗ್ಲೌಸ್ ಇರಲಿ, ಗಾಳಿಗೆ ಎದುರು ನಿಲ್ಲಬೇಡಿ. ಮಾಲೀಕರು ಎದ್ದು ಹೊರಗೆ ಹೋಗಿ, ಕ್ಯಾನು ತುಂಬುವವರನ್ನೆಲ್ಲ ಕರೆದು ತಾವೇ ಹೇಳಿದರು. ಆ ದ್ರಾವಣದ ಕಡೇದು ಇನ್ನು ಮುಂದೆ ಅಲ್ಲೇ ಡ್ರಮ್ಮಿಗೆ ವಾಪಸ್ಸು, ಅದಕ್ಕೆ ಬದಲು ಎಲ್ಲರಿಗೂ ಸೋಪಿನ ಬಿಲ್ಲೆ, ಕೊಬ್ಬರಿ ಎಣ್ಣೆ. ಜಿಪುಣನೆಂದು ಯಾರೂ ಅನ್ನಲಿಲ್ಲ. ಮುನಿರಾಜು ಮಾತ್ರ ತನ್ನ ಮನೆಯ ಬಚ್ಚಲಿನಿಂದ ಎರಡು ಬಾಟಲಿ ತಂದು ಸದ್ದಿಲ್ಲದೆ ಡ್ರಮ್ಮಿಗೆ ಸುರಿದದ್ದನ್ನು ನಾನು ಕಂಡೆ. ಕಂಡೆನೆಂದು ಹೇಳಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಆ ಮೀನಿನ ಮಾತನ್ನೇ ಯೋಚಿಸುತ್ತಿದ್ದೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದೆ, ಆಮೇಲೆ ಅದು ನನ್ನನ್ನೇ ಹಿಡಿದುಕೊಂಡಿತು. ಹುಡುಕಿ ಓದಿದೆ, ತಿಳಿದವರನ್ನು ಕೇಳಿದೆ. ಮೇಲೆ ತೇಲುವ ಎಣ್ಣೆ ಹಕ್ಕಿಗೆ, ಆಮೆಗೆ, ದಡಕ್ಕೆ ಕೇಡು. ಅದನ್ನು ಒಡೆದು ಕೆಳಕ್ಕೆ ಇಳಿಸಿದರೆ, ಅಲ್ಲಿಯವರೆಗೆ ಅದರ ಸುದ್ದಿಯೇ ಇಲ್ಲದಿದ್ದ ಜೀವಗಳ ಪಾಲಿಗೆ ಅದು ಹೋಗುತ್ತದೆ. ಮೀನಿನ ಮೊಟ್ಟೆಗಳು ನೀರಿನಲ್ಲಿ ಧೂಳಿನಂತೆ ತೇಲುತ್ತಿರುತ್ತವೆ, ಈಗಷ್ಟೇ ಒಡೆದ ಮರಿಗೆ ದಿಕ್ಕು ಬದಲಿಸುವ ಶಕ್ತಿಯೂ ಇರುವುದಿಲ್ಲ. ನೀರನ್ನು ಸೋಸಿ ಸೋಸಿಯೇ ಹೊಟ್ಟೆ ಹೊರೆಯುವ ಚಿಪ್ಪಿನ ಜೀವಗಳು, ಕಲ್ಲಿಗೆ ಅಂಟಿಕೊಂಡು ಎಲ್ಲಿಗೂ ಏಳಲಾರದ ಹವಳಗಳು ಆ ಸಣ್ಣ ಹನಿಗಳನ್ನು ಬೇಡವೆಂದರೂ ಒಳಗೆ ತೆಗೆದುಕೊಳ್ಳಬೇಕು. ಎಣ್ಣೆ ಒಂದರಿಂದಲೇ ಆಗುವ ಕೇಡಿಗಿಂತ, ದ್ರಾವಣ ಒಂದರಿಂದಲೇ ಆಗುವ ಕೇಡಿಗಿಂತ, ಎರಡೂ ಬೆರೆತಾಗ ಕೆಲವು ಜೀವಗಳಿಗೆ ಆಗುವ ಕೇಡು ಹೆಚ್ಚಂತೆ. ಎಷ್ಟು ಹೆಚ್ಚು, ಎಷ್ಟು ಕಾಲ, ಯಾವ ಆಳದಲ್ಲಿ ಎಂಬ ವಿಷಯದಲ್ಲಿ ತಿಳಿದವರೇ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ.

ಹಾಗೆಂದು ನಾಳೆ ನಮ್ಮ ಕರಾವಳಿಯಲ್ಲಿ ಹಡಗೊಂದು ಒಡೆದು ಎಣ್ಣೆ ದಡದತ್ತ ಬರುತ್ತಿದ್ದರೆ ಆ ಡ್ರಮ್ಮುಗಳನ್ನು ಮುಟ್ಟಬೇಡಿ ಎಂದು ನಾನು ಹೇಳುವೆನೇ? ಹೇಳಲಾರೆ. ವಾರ್ಡಿನಲ್ಲಿ ನಾನು ಕೊಟ್ಟ ಎಷ್ಟೋ ಔಷಧಗಳು ಒಂದನ್ನು ಉಳಿಸಲು ಇನ್ನೊಂದನ್ನು ನೋಯಿಸುವಂಥವೇ ಆಗಿದ್ದವು. ಕೊಡುವಾಗ ಅದು ನಮಗೆ ತಿಳಿದಿರುತ್ತಿತ್ತು, ಅದಕ್ಕೇ ಕೊಟ್ಟ ಮೇಲೆ ರೋಗಿಯ ಪಕ್ಕ ಕೂತು ನಾಡಿ ಹಿಡಿಯುತ್ತಿದ್ದೆವು. ಸಮುದ್ರದ ವಿಷಯದಲ್ಲಿ ನನಗೆ ಅಳುಕಾಗುವುದು ಇಲ್ಲಿಯೇ. ಮೇಲೆ ಎಣ್ಣೆ ಕಾಣದಾದ ಕೂಡಲೇ ಕ್ಯಾಮೆರಾದವರು ಹಿಂತಿರುಗುತ್ತಾರೆ, ನೋಡುತ್ತಿದ್ದ ನಾವೂ ಟಿ.ವಿ. ಆರಿಸುತ್ತೇವೆ. ದುಪ್ಪಟಿ ಬೆಳ್ಳಗಿದೆ. ರೇಣುಕಾಗೆ ಅಂಗೈ ಇತ್ತು, ತಂದು ನನ್ನ ಮೇಜಿನ ಮೇಲೆ ಇಟ್ಟಳು. ಸಮುದ್ರಕ್ಕೆ ಅಂಗೈ ಇಲ್ಲ.

ಈಗ ನಿಮಗೆ ಅವಳ ಕೈ ಏನಾಯಿತೆಂಬ ಯೋಚನೆ ಇದ್ದೇ ಇರುತ್ತದೆ. ಮಾಯುವವರೆಗೆ ಬಿಸಿ ಹಿಟ್ಟು, ಬೂದಿ, ಸೋಪು ಯಾವುದನ್ನೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ಮಾಲೀಕರು ಅವಳನ್ನು ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ರೊಟ್ಟಿಯ ಪ್ರಶ್ನೆ ಉಳಿಯಿತು. ಊಟಕ್ಕೆ ಬರುವವರು ಬೇರೆ ಕಡೆ ಹೋದರೆ ಖಾನಾವಳಿಯ ಕನಸು ಅಲ್ಲಿಗೆ ಮುಗಿದಂತೆ. ಕೆಲವರು ಹೋದರೂ ಹೋದರು. ಉಳಿದವರನ್ನು ಬಸವರಾಜ ಹಿಡಿದು ನಿಲ್ಲಿಸಿದ. ಅವರೇ ಬಡಿಯುವುದು, ರೇಣುಕಾ ಪಕ್ಕದಲ್ಲಿ ಕೂತು ಬಾಯಿಯಿಂದ ಬಡಿಯುವುದು ಎಂದು ತೀರ್ಮಾನವಾಯಿತು. ಕಬ್ಬಿಣವನ್ನು ಕೂದಲೆಳೆಯಷ್ಟೂ ತಪ್ಪದಂತೆ ಕಡೆಯುವ ಆ ಹುಡುಗರ ಕೈಯಲ್ಲಿ ಜೋಳದ ಹಿಟ್ಟು ಗುಂಡಗಾಗಲು ಒಪ್ಪಲೇ ಇಲ್ಲ.

ಒಂದು ಸಂಜೆ ನಾನು ಹೋದಾಗ ಬಸವರಾಜ ಬಡಿದ ರೊಟ್ಟಿಯನ್ನು ಎತ್ತಿ ಹಿಡಿದು ಅವಳು ಕೇಳುತ್ತಿದ್ದಳು: "ಇದೇನೋ ಬಸ್ಯಾ, ರೊಟ್ಟಿಯೋ, ಕೊಪ್ಪಳ ಜಿಲ್ಲೇದ ನಕಾಶೆಯೋ?"

"ತಾಲ್ಲೂಕು ಹುಡುಕಬ್ಯಾಡಕ್ಕ, ತಿನ್ನು."

ನನಗೂ ಒಂದು ಕೊಟ್ಟರು. ನಡುವೆ ದಪ್ಪ, ಅಂಚಿನಲ್ಲಿ ತೂತು. ಸೀಮೆಎಣ್ಣೆಯ ವಾಸನೆ ಇರಲಿಲ್ಲ. ಇಷ್ಟು ರುಚಿಯಾದ ಕೆಟ್ಟ ರೊಟ್ಟಿಯನ್ನು ನಾನು ಜನ್ಮದಲ್ಲಿ ತಿಂದಿಲ್ಲ.

ಚರ್ಮ ಎಂಬುದು ಬಹಳ ಕ್ಷಮಾಗುಣದ ಅಂಗ. ಕಾಟ ಕೊಡುವುದನ್ನು ನಿಲ್ಲಿಸಿ, ಬೆಳಿಗ್ಗೆ ಸಂಜೆ ಒಂದಿಷ್ಟು ಎಣ್ಣೆ ಸವರಿ, ಸುಮ್ಮನೆ ಬಿಟ್ಟರೆ ಅದು ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗೀರುಗಳು ಕೂಡಿದವು, ಕೆಂಪು ಇಳಿಯಿತು. ಒಂದು ಬೆಳಿಗ್ಗೆ ರೇಣುಕಾ ನನ್ನ ಕೋಣೆಗೆ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಮೇಜಿನ ಮೇಲೆ, ಹಿಂದೆ ಕೈಗಳನ್ನು ಇಟ್ಟಿದ್ದ ಜಾಗದಲ್ಲೇ, ಇಟ್ಟಳು. ಬಿಚ್ಚಿದರೆ ಹಪ್ಪಳದಷ್ಟು ತೆಳುವಾದ, ಚಂದ್ರನಷ್ಟು ಗುಂಡಗಿನ ರೊಟ್ಟಿಗಳು, ಇನ್ನೂ ಬಿಸಿ ಆರಿರಲಿಲ್ಲ. ಮೇಲಿನ ರೊಟ್ಟಿಯಲ್ಲಿ ಅವಳ ಬೆರಳುಗಳ ಗುರುತು ಸಾಲಾಗಿ ಮೂಡಿತ್ತು. "ನಾನ ಬಡಿದೀನ್ರಿ ಅಮ್ಮಾರ" ಎಂದಷ್ಟೇ ಹೇಳಿದಳು. ನಾನು ಅಭ್ಯಾಸಬಲದಿಂದ ರೊಟ್ಟಿಗಿಂತ ಮೊದಲು ಅವಳ ಕೈ ಹಿಡಿದು ಹೊರಳಿಸಿ ನೋಡಿದೆ. ಒರಟಾಗಿತ್ತು, ಬೆಚ್ಚಗಿತ್ತು, ಇಡಿಯಾಗಿತ್ತು. ಊಟ ಬಿಟ್ಟು ಬೇರೆ ಕಡೆ ಹೋದವರಲ್ಲಿ ಅರ್ಧ ಮಂದಿ ತಿಂಗಳೊಳಗೆ ವಾಪಸ್ಸು ಬಂದರು. ಖಾನಾವಳಿ ಅಂದುಕೊಂಡದ್ದಕ್ಕಿಂತ ತಡವಾಗಿ, ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಶುರುವಾಯಿತು. ಕೈ ತೊಳೆಯುವ ಕಡೆ ಮರದ ಹೊಟ್ಟಿನ ಡಬ್ಬಿ ಇಟ್ಟಿದ್ದಾಳೆ.

ನಾನು ಕಾರ್ಖಾನೆ ಬಿಟ್ಟು ಬಹಳ ಕಾಲವಾಯಿತು. ಶನಿವಾರದ ಪಕೋಡ ಮಾತ್ರ ನಿಂತಿಲ್ಲ, ಬಾಣಲೆಯೂ ಅದೇ. ಕ್ರಮ ಮಾತ್ರ ಬದಲಾಗಿದೆ. ಈಗ ಬಾಣಲೆಗೆ ನೀರು ಹೊಯ್ಯುವ ಮೊದಲು ಹಳೆಯ ವೃತ್ತಪತ್ರಿಕೆಯ ತುಂಡಿನಿಂದ ಜಿಡ್ಡನ್ನು ಒರೆಸಿ ತೆಗೆಯುತ್ತೇನೆ. ಕಾಗದ ಎಣ್ಣೆ ಕುಡಿದು ಗಾಜಿನಂತಾಗುತ್ತದೆ, ಹಿಂಬದಿಯ ಸುದ್ದಿ ಮುಂಬದಿಯ ಸುದ್ದಿಯೊಳಗೆ ಕಾಣುತ್ತದೆ. "ಸುಮ್ನೆ ಒಂದು ತೊಟ್ಟು ಸೋಪು ಹಾಕಿದ್ರೆ ಆಗಲ್ವೇನೇ" ಎಂದು ನಮ್ಮವರು ಒರೆಸುವ ಬಟ್ಟೆ ಹಿಡಿದು ಕಾಯುತ್ತಾ ಗೊಣಗುತ್ತಾರೆ. ಕೊನೆಗೆ ಹಾಕುತ್ತೇನೆ, ಒಂದೇ ತೊಟ್ಟು. ಉಳಿದ ಒಂದೆರಡು ಹೊನ್ನ ಬಿಲ್ಲೆಗಳು ಎಂದಿನಂತೆ ಅಂಚಿಗೆ ಓಡುತ್ತವೆ, ನನಗೆ ಎಂದಿನಂತೆ ಖುಷಿಯಾಗುತ್ತದೆ.

ಬಾಣಲೆ ಬಗ್ಗಿಸಿದಾಗ ನೀರು ಕೊಳವೆಗೆ ಇಳಿಯುವ ಸದ್ದು ಕೇಳುತ್ತದೆ. ಬೆಂಗಳೂರಿಗೆ ಸಮುದ್ರವಿಲ್ಲವೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ನಮ್ಮ ಪಕ್ಕದ ಪೀಣ್ಯದ ಚರಂಡಿಗಳ ನೀರು ವೃಷಭಾವತಿಗೆ ಸೇರುತ್ತದೆ. ಅದು ಬೈರಮಂಗಲದ ಕೆರೆ ಹಾದು, ಕನಕಪುರದ ಕಡೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೆ ಇಳಿದು, ತಮಿಳುನಾಡಿನ ಗದ್ದೆಗಳನ್ನು ದಾಟಿ ಹೋಗುತ್ತದೆ. ಆ ಊರುಗಳನ್ನು ನಾನು ಒಂದೊಂದಾಗಿ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ, ಬೆಳಗಿನ ಸುತ್ತಿನಲ್ಲಿ ಮಂಚಗಳನ್ನು ಎಣಿಸುತ್ತಿದ್ದಂತೆ. ಅಷ್ಟರಲ್ಲಿ ಬಾಣಲೆ ಒಣಗಿ ಮೊಳೆಗೆ ಹೋಗಿರುತ್ತದೆ. ಆಮೇಲೆ ಅಡುಗೆಮನೆಯ ದೀಪ ಆರಿಸುವ ಮೊದಲು ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು, ಒಂದು ತೊಟ್ಟನ್ನು ಅಂಗೈ ನಡುವೆ ಬಿಟ್ಟುಕೊಂಡು, ಅದು ಎಲ್ಲೂ ಓಡಿಹೋಗದಂತೆ ನಿಧಾನವಾಗಿ ಉಜ್ಜಿಕೊಳ್ಳುತ್ತೇನೆ.